ಹಂಡೆಯ ಬಿಸಿನೀರು, ಅತ್ತೆಯ ಕೆಮ್ಮು

ಪ್ರಶ್ನೆ: ಡಾಕ್ಟರೇ, ನನ್ನ ಅತ್ತೆಗೆ 64 ವರ್ಷ. ಬೀಡಿ, ಸಿಗರೇಟು ಕೈಯಲ್ಲೂ ಮುಟ್ಟಿದವರಲ್ಲ. ಮೂರು ವರ್ಷದಿಂದ ಬೆಳಿಗ್ಗೆ ಎದ್ದರೆ ಕೆಮ್ಮು, ಕಫ. ಈಗ ಬಾವಿಕಟ್ಟೆಯಿಂದ ಒಂದು ಕೊಡಪಾನ ನೀರು ತರುವಷ್ಟರಲ್ಲಿ ಏದುಸಿರು. ಕಫದಲ್ಲಿ ಟಿಬಿ ಇಲ್ಲ ಎಂದು ಬಂತು. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಕೊನೆಗೆ ಒಂದು ಯಂತ್ರಕ್ಕೆ ಊದಿಸಿ, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎಂದು ಹೇಳಿ, ಬಾಯಿಂದ ಔಷಧ ಎಳೆದುಕೊಳ್ಳುವ ಪಂಪ್ ಕೊಟ್ಟರು. ಅದು ಸಿಗರೇಟು ಸೇದುವವರ ಕಾಯಿಲೆ ಅಲ್ವಾ? "ಪಂಪ್ ಒಮ್ಮೆ ಹಿಡಿದ್ರೆ ಬಿಡ್ಲಿಕ್ಕಾಗುವುದಿಲ್ಲ" ಎಂದು ಅತ್ತೆ ಅದನ್ನು ಕಪಾಟಿನೊಳಗೆ ಇಟ್ಟಿದ್ದಾರೆ. ಬಚ್ಚಲ ಒಲೆಗೆ ಬೆಂಕಿ ಹಾಕುವುದು ಇವತ್ತಿಗೂ ಅವರೇ. ಅಷ್ಟು ಗಟ್ಟಿ ಇದ್ದಾರೆ.
– ಓದುಗರು, ಬ್ರಹ್ಮಾವರ

ಉತ್ತರ: ಅತ್ತೆ ಗಟ್ಟಿ ಇದ್ದಾರೆ ಎಂದು ಹೇಳಲು ನೀವು ಬರೆದ ಆ ಬಚ್ಚಲ ಒಲೆಯ ಸಾಲೇ ನನಗೆ ಬೇಕಿದ್ದದ್ದು.

ಉಡುಪಿಯಲ್ಲಿ ಕ್ಲಿನಿಕ್ ಇಟ್ಟು 31 ವರ್ಷವಾಯಿತು. ಶುರುವಿನಲ್ಲಿ ಕೆಮ್ಮು ಎಂದು ಬಂದವರನ್ನು "ಸೇದ್ತೀರಾ?" ಎಂದಷ್ಟೇ ಕೇಳುತ್ತಿದ್ದೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಈಗ "ಸ್ನಾನಕ್ಕೆ ನೀರು ಎಂಥದರಲ್ಲಿ ಕಾಯಿಸುವುದು?" ಎಂದೂ ಕೇಳುತ್ತೇನೆ. ಗ್ಯಾಸ್ ಬಂದ ಮೇಲೆ ನಮ್ಮ ಕಡೆ ಅಡುಗೆಮನೆಯ ಹೊಗೆ ಕಡಿಮೆಯಾಯಿತು. ಬಚ್ಚಲಿನದು ಹಾಗೇ ಉಳಿಯಿತು. ತೋಟದಲ್ಲಿ ಮಡಲು, ಸಿಪ್ಪೆ, ಗೆರಟೆ ಪುಕ್ಕಟೆ ಬಿದ್ದಿರುವಾಗ ನೀರು ಕಾಯಿಸಲು ಯಾರು ಕರೆಂಟಿಗೆ ದುಡ್ಡು ಕೊಡುತ್ತಾರೆ? ನಾನೂ ಹಂಡೆ ನೀರು ಮಿಂದು ಬೆಳೆದವಳು. ಗೀಸರಿನ ನೀರು ಅದಕ್ಕೆ ಸಮ ಅಲ್ಲ, ಒಪ್ಪುತ್ತೇನೆ.

ಆದರೆ ಊದುಗೊಳವೆ ಹಿಡಿದು ಒಲೆ ಊದುವುದನ್ನು ಒಮ್ಮೆ ಕಣ್ಣ ಮುಂದೆ ತನ್ನಿ. ಬಗ್ಗಿ, ಒಲೆಯ ಬಾಯಿಗೆ ಮುಖ ಕೊಟ್ಟು ಕೂರಬೇಕು. ಊದುವ ಮೊದಲು ಎದೆ ತುಂಬ ಉಸಿರು ಎಳೆದುಕೊಳ್ಳಬೇಕು. ಎಲ್ಲಿಂದ? ಹೊಗೆ ಎಲ್ಲಿ ದಟ್ಟವೋ ಅಲ್ಲಿಂದಲೇ. ಆಷಾಢದಲ್ಲಿ ಸಿಪ್ಪೆ ಥಂಡಿ ಹಿಡಿದಿರುತ್ತದೆ, ಬೆಂಕಿ ಹತ್ತುವುದಿಲ್ಲ, ಆಗ ಇನ್ನೂ ಜಾಸ್ತಿ ಊದಬೇಕು. ಹೀಗೆ ನಲವತ್ತು ವರ್ಷ. ಅದು ಬೀಡಿಯದೋ ಮಡಲಿನದೋ ಎಂದು ಶ್ವಾಸನಾಳ ಕೇಳುವುದಿಲ್ಲ.

ಒಂದು ಸಾಧಾರಣ ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ ಒಳಗೆ ಹೋಗುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ ಸುಮಾರು 10,000 ಲೀಟರ್. ಮೂಗು ಅದನ್ನು ಬೆಚ್ಚಗೆ, ಒದ್ದೆ ಮಾಡಿ ಕಳಿಸುತ್ತದೆ. ಶ್ವಾಸನಾಳ ಎರಡಾಗಿ ಒಡೆಯುತ್ತದೆ, ಅವು ಮತ್ತೆ ಎರಡೆರಡು, ಹೀಗೆ 23 ಸಲ. ತುದಿಯಲ್ಲಿ ಕೋಟಿಗಟ್ಟಲೆ ಸಣ್ಣ ಗಾಳಿಚೀಲಗಳು. ಎಲ್ಲವನ್ನೂ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಒಂದು ಸಣ್ಣ ಮನೆಯ ನೆಲದಷ್ಟು. ರಕ್ತಕ್ಕೆ ಆಮ್ಲಜನಕ ಸೇರುವುದು ಅಲ್ಲಿ. ನಾಳಗಳ ಒಳಗೋಡೆಗೆ ಕಸಬರಿಗೆಯಂಥ ರೋಮಗಳಿವೆ. ಅವು ಧೂಳು ಅಂಟಿದ ಲೋಳೆಯನ್ನು ಗಂಟಲಿನ ಕಡೆಗೆ ದೂಡುತ್ತಲೇ ಇರುತ್ತವೆ. ಅದನ್ನು ನಾವು ಗೊತ್ತಿಲ್ಲದೆ ನುಂಗುತ್ತಿರುತ್ತೇವೆ. (ಮುಖ ಸಿಂಡರಿಸಬೇಡಿ, ಎಲ್ಲರೂ ನುಂಗುತ್ತೇವೆ.) ವರ್ಷಗಟ್ಟಲೆ ಹೊಗೆ ತಿಂದ ರೋಮಗಳು ಸೋಲುತ್ತವೆ, ಲೋಳೆ ಹೆಚ್ಚುತ್ತದೆ. ಗುಡಿಸಲು ಉಳಿಯುವುದು ಕೆಮ್ಮು ಒಂದೇ. ಅತ್ತೆಯ ಬೆಳಗಿನ ಕಫ ಅದು.

ಏದುಸಿರಿನ ಕಥೆ ಬೇರೆ. "ಉಸಿರು ಒಳಗೆ ಹೋಗುವುದಿಲ್ಲ ಡಾಕ್ಟ್ರೇ" ಎಂದು ಇಂಥವರು ಹೇಳುತ್ತಾರೆ. ನಿಜವಾಗಿ ತೊಂದರೆ ಇರುವುದು ಹೊರಗೆ ಹೋಗುವುದರಲ್ಲಿ. ಉಸಿರು ಎಳೆದಾಗ ಎದೆ ಹಿಗ್ಗುತ್ತದೆ, ಜೊತೆಗೆ ನಾಳಗಳೂ ಸ್ವಲ್ಪ ತೆರೆದುಕೊಳ್ಳುತ್ತವೆ. ಬಿಡುವಾಗ, ಮೊದಲೇ ಕಿರಿದಾದ ನಾಳಗಳು ಮುಚ್ಚಿಕೊಂಡು ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಮುಂದಿನ ಉಸಿರಿಗೆ ಜಾಗ ಎಲ್ಲಿ? ತುಂಬಿದ ಕೊಡಪಾನಕ್ಕೆ ಮತ್ತೆ ನೀರು ಹೊಯ್ದ ಹಾಗೆ. ಶುರುವಿನ ಹಂತದಲ್ಲಿ ಎಕ್ಸ್‌ರೇ ಇದನ್ನು ತೋರಿಸದೇ ಇರಬಹುದು. ಅದಕ್ಕೇ ಊದಿಸಿ ನೋಡುವುದು. ನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿಗೆ 70% ಕೂಡ ಹೊರಬರದಿದ್ದರೆ ನಾಳ ಕಿರಿದಾಗಿದೆ ಎಂದು ಅರ್ಥ.

ಏದುಸಿರು ಬಂದಾಗ ಅತ್ತೆ ಮೂಗಿನಿಂದ ಉಸಿರು ಎಳೆದು, ಬಿಸಿ ಕಾಫಿಗೆ ಊದುವ ಹಾಗೆ ತುಟಿ ಕೂಡಿಸಿ ನಿಧಾನ ಬಿಡಲಿ. ಗಾಳಿಗೆ ಎದುರೊತ್ತಡ ಸಿಕ್ಕಿ ನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ.

ಇನ್ನು ಕಪಾಟಿನ ಪಂಪ್. ಅದು ಚಟ ಹಿಡಿಸುವುದಿಲ್ಲ. ಬಿಟ್ಟರೆ ಏದುಸಿರು ಮರಳುವುದು ಕಾಯಿಲೆ ಅಲ್ಲೇ ಇರುವುದರಿಂದ. ಕನ್ನಡಕ ತೆಗೆದರೆ ಮಂಜಾಗುತ್ತದೆ, ಅದನ್ನು ಕನ್ನಡಕದ ಚಟ ಎನ್ನುತ್ತೇವೆಯೇ? ಔಷಧ ನೇರ ನಾಳಕ್ಕೇ ಹೋಗುವುದರಿಂದ ಮಾತ್ರೆಗಿಂತ ಎಷ್ಟೋ ಕಡಿಮೆ ಸಾಕು. ಆದರೆ ಎಳೆಯುವ ಕ್ರಮ ಸರಿ ಇರಬೇಕು. ಹಿಂದೆ ಒಬ್ಬರಿಗೆ ನಾನು ಕ್ಯಾಪ್ಸೂಲ್ ಹಾಕಿ ಎಳೆಯುವಂಥದ್ದನ್ನು ಬರೆದುಕೊಟ್ಟು, ತೋರಿಸಿಕೊಡದೆ ಕಳಿಸಿದ್ದೆ. ತಿಂಗಳ ಮೇಲೆ ಬಂದು "ಎಂಥದೂ ಗುಣ ಇಲ್ಲ" ಎಂದರು. ಕೇಳಿದರೆ, ದಿನಕ್ಕೆ ಎರಡು ಕ್ಯಾಪ್ಸೂಲ್ ನೀರಿನ ಜೊತೆ ನುಂಗುತ್ತಿದ್ದರಂತೆ! ತಪ್ಪು ನನ್ನದೇ. ಆವತ್ತಿನಿಂದ ಎದುರಿಗೆ ಒಮ್ಮೆ ಎಳೆಸಿ ನೋಡದೆ ಯಾರನ್ನೂ ಕಳಿಸುವುದಿಲ್ಲ. ನೀವೂ ಕೊಟ್ಟ ಡಾಕ್ಟರ ಎದುರು ಅತ್ತೆಯಿಂದ ಮಾಡಿಸಿ. ಸ್ಟಿರಾಯ್ಡ್ ಇರುವ ಪಂಪ್ ಆದರೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಬೇಕು. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆಯೂ ವಿಚಾರಿಸಿ.

ಹಾಳಾದ ಗಾಳಿಚೀಲ ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಅತ್ತೆ ಒಲೆಯ ಮುಂದಿನಿಂದ ಏಳಲೇಬೇಕು. ಹಾಗೆಂದು ಅವರ ಜಾಗದಲ್ಲಿ ನೀವು ಹೋಗಿ ಕೂರಬೇಡಿ! ಸೋಲಾರ್ ಅಥವಾ ಕರೆಂಟಿನ ಗೀಸರ್ ಆದರೆ ಒಳ್ಳೆಯದು. ಗ್ಯಾಸ್ ಗೀಸರ್ ಹಾಕಿಸುವುದಾದರೆ ಬಚ್ಚಲಿನ ಹೊರಗೆ ಹಾಕಿಸಿ. ಮುಚ್ಚಿದ ಬಚ್ಚಲಿನಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಬಿಟ್ಟರೆ ವಾಸನೆಯೂ ಬರುವುದಿಲ್ಲ, ಜೀವ ಹೋಗುತ್ತದೆ. ಒಲೆ ಬಿಡಲು ಸದ್ಯಕ್ಕೆ ಆಗದಿದ್ದರೆ ಹೊಗೆ ಹೋಗಲು ಚಿಮಣಿ ಇಡಿಸಿ, ಒಣಗಿದ ಕಟ್ಟಿಗೆಯನ್ನೇ ಹಾಕಿ, ಬೆಂಕಿ ಹತ್ತಿದ ಕೂಡಲೇ ಹೊರಗೆ ಬನ್ನಿ.

ಪ್ರಶ್ನೆ: ಬೆಳಿಗ್ಗೆ ಪಣಂಬೂರು ಬೀಚಿಗೆ ಹೋಗಿ ಸಮುದ್ರದ ಗಾಳಿ ಎಳೆದುಕೊಂಡರೆ ಶ್ವಾಸಕೋಶ ತೊಳೆದ ಹಾಗಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹೌದಾ?
– ಓದುಗರು, ಮಂಗಳೂರು

ಉತ್ತರ: ತೊಳೆಯುವುದಿಲ್ಲ. ಪಣಂಬೂರಿನ ಗಾಳಿಯಲ್ಲೂ ಪೇಟೆ ನಡುವಿನ ಹಂಪನಕಟ್ಟೆಯ ಗಾಳಿಯಲ್ಲೂ ಆಮ್ಲಜನಕ ಅದೇ 21%. ಬೀಚಿನಲ್ಲಿ ವಾಹನದ ಹೊಗೆ ಕಡಿಮೆ, ಅದು ಲಾಭವೇ. ಮರಳಿನ ಮೇಲೆ ಜೋರಾಗಿ ನಡೆಯುವುದು ಇನ್ನೂ ದೊಡ್ಡ ಲಾಭ. ನಡೆದು ಬಂದು ಗಾಡಿಗೆ ಒರಗಿ ಒಂದು ಸಿಗರೇಟು ಹಚ್ಚುವವರನ್ನು ನಾನೇ ಅಲ್ಲಿ ನೋಡಿದ್ದೇನೆ. ನಿಮ್ಮ ಗೆಳೆಯರು ಆ ಗುಂಪಿನವರಲ್ಲ ಎಂದುಕೊಳ್ಳುತ್ತೇನೆ.