ನಿಮ್ಮ ಲೇಖನದಲ್ಲಿ ಜಾಗವೆಲ್ಲಿ?

ನಮಸ್ಕಾರ.

ಟರ್ಕಿಯ ಕಲಾವಿದೆ ಆಯ್ಶೆ ಎರ್ಕ್‌ಮೆನ್ ಅವರ ಇನ್‌ಸ್ಟಾಲೇಶನ್‌ಗಳ (ಒಂದು ಜಾಗವನ್ನೇ ಬಳಸಿ ಅಲ್ಲೇ ಕಟ್ಟುವ ಕಲಾಕೃತಿಗಳ) ಕುರಿತು ನೀವು ಕಳಿಸಿದ ಲೇಖನವನ್ನು ಓದಿದೆ. ಈಗಿರುವ ಹಾಗೆ ಪ್ರಕಟಿಸಲಾಗದು. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳ ತುಂಬ 'ಮಾಂತ್ರಿಕ', 'ವಿಸ್ಮಯಕಾರಿ', 'ಗಡಿಗಳನ್ನು ಮೀರಿದ' ಎಂಬ ಮಾತುಗಳೇ. ಇವನ್ನು ಯಾವ ಕಲಾವಿದರಿಗೆ ಬೇಕಾದರೂ ಅಂಟಿಸಬಹುದು. 1949ರಲ್ಲಿ ಇಸ್ತಾಂಬುಲಿನಲ್ಲಿ ಹುಟ್ಟಿದ ಎರ್ಕ್‌ಮೆನ್, ಸ್ಟುಡಿಯೋದಲ್ಲಿ ಮಾಡಿದ್ದನ್ನು ತಂದು ಗ್ಯಾಲರಿಯಲ್ಲಿ ಇಟ್ಟು ಹೋಗುವವರಲ್ಲ. ಅವರಿಗೆ ಮೊದಲು ಜಾಗ, ಆಮೇಲೆ ಕೃತಿ. ನಿಮ್ಮ ಬರಹದಲ್ಲಿ ಆ ಜಾಗವೇ ಕಾಣುತ್ತಿಲ್ಲ.

2017ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಮಾಡಿದ ಕೃತಿಯನ್ನು 'ನೀರಿನ ಮೇಲೆ ನಡೆಯುವ ಅಲೌಕಿಕ ಅನುಭವ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅಲ್ಲಿದ್ದದ್ದೆಲ್ಲ ಲೌಕಿಕವೇ. ಬಂದರಿನ ನೀರಿನೊಳಗೆ ಸರಕಿನ ಕಂಟೇನರ್‌ಗಳನ್ನು ಇಳಿಸಿ, ಮೇಲೆ ಉಕ್ಕಿನ ತೊಲೆ, ಜಾಲರಿ ಹಾಸಿ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಕಟ್ಟಿದ ಕಾಲುದಾರಿ ಅದು. ಜನ ಬೂಟು ಬಿಚ್ಚಿ, ಪ್ಯಾಂಟು ಮಡಚಿ, ಕಣಕಾಲುದ್ದ ನೀರಿನಲ್ಲಿ ದಾಟಿದರು. ದೂರದಿಂದ ನೋಡಿದವರಿಗಷ್ಟೇ ಅವರು ನೀರಿನ ಮೇಲೆ ನಡೆದಂತೆ ಕಂಡದ್ದು. ಒಂದು ದಡದಲ್ಲಿ ಕೆಫೆ, ರೆಸ್ಟೋರೆಂಟುಗಳ ಗದ್ದಲ. ಎದುರು ದಡ ಆಗಿನ್ನೂ ಕಾರ್ಖಾನೆ, ಗೋದಾಮುಗಳದ್ದು. ಯಾವ ದಡವನ್ನು ಯಾವುದಕ್ಕೆ ಕೂಡಿಸಿದರು ಎಂಬುದು ಗೊತ್ತಾಗದಿದ್ದರೆ ಓದುಗರಿಗೆ ಉಳಿಯುವುದು ಬರೀ ಚಮತ್ಕಾರ.

ಅದೇ ಊರಿನ 1997ರ ಪ್ರಸಂಗದಲ್ಲಂತೂ ಜೀವಾಳವನ್ನೇ ಬಿಟ್ಟಿದ್ದೀರಿ. ಕೆಥೆಡ್ರಲ್‌ನಲ್ಲಿ ಕೆಲಸ ಮಾಡಲು ಅವರು ಮುಂದಿಟ್ಟ ಯೋಜನೆಗಳನ್ನು ಚರ್ಚಿನವರು ಒಪ್ಪಲಿಲ್ಲ. ಆಮೇಲೆಯೇ ಅವರು ಮ್ಯೂಸಿಯಂ ಉಗ್ರಾಣದ ಹಳೆಯ ಶಿಲ್ಪಗಳನ್ನು ಹೆಲಿಕಾಪ್ಟರಿಗೆ ತೂಗುಹಾಕಿ, ಕೆಥೆಡ್ರಲ್ ಮೇಲಿಂದ ಹಾರಿಸಿ, ಮ್ಯೂಸಿಯಂ ಚಾವಣಿಯ ಮೇಲೆ ಇಳಿಸಿದ್ದು. ನೀವು ಹೆಲಿಕಾಪ್ಟರನ್ನು ಬಣ್ಣಿಸಿದ್ದೀರಿ, ನಿರಾಕರಣೆಯ ಸುದ್ದಿಯೇ ಇಲ್ಲ. ಅದಿಲ್ಲದೆ ಹಾರಾಟಕ್ಕೆ ಅರ್ಥವೇನು ಹೇಳಿ?

2011ರ ವೆನಿಸ್ ಬಿನಾಲೆಯ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಪ್ರದರ್ಶನದ) ಭಾಗ ನನಗೆ ನಿಜಕ್ಕೂ ಹಿಡಿಸಿತು. ನೀರು ಶುದ್ಧೀಕರಿಸುವ ಯಂತ್ರವನ್ನು ಬಿಡಿಬಿಡಿಯಾಗಿಸಿ ಕೋಣೆಯ ತುಂಬ ಹರಡಿ, ಬಣ್ಣಬಣ್ಣದ ಪೈಪುಗಳಿಂದ ಜೋಡಿಸಿದ್ದನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡಿ. ಆದರೆ ಕಾಲುವೆಯಿಂದ ಎತ್ತಿದ ನೀರು ಕುಡಿಯುವಷ್ಟು ಶುದ್ಧವಾದ ಮೇಲೆ ಎಲ್ಲಿಗೆ ಹೋಯಿತು? ಮತ್ತೆ ಅದೇ ಕಾಲುವೆಗೆ! ಇದನ್ನು ಹೇಳದೆ 'ಪರಿಸರ ಸಂದೇಶ ಸಾರುವ ಕೃತಿ' ಎಂದು ಷರಾ ಬರೆದಿದ್ದೀರಿ. ಷರಾ ತೆಗೆಯಿರಿ, ಕಾಲುವೆಗೆ ಮರಳಿದ ನೀರನ್ನು ತನ್ನಿ. ಅದು ಸಂದೇಶವೋ ವ್ಯರ್ಥ ಸಾಹಸವೋ ಎಂದು ಓದುಗರು ಜಗಳವಾಡಲಿ.

ಮೊದಲ ಎರಡು ಪುಟ ಪೂರ್ತಿ ಹೊಡೆದುಹಾಕಿ, ಮ್ಯೂನ್‌ಸ್ಟರ್ ಬಂದರಿನಿಂದಲೇ ಶುರುಮಾಡಿ. ಲೇಖನದ ಕೊನೆಯಲ್ಲಿರುವ ಪ್ರದರ್ಶನಗಳ ಪಟ್ಟಿಯೂ ಬೇಡ. ತಿದ್ದಿದ ಪ್ರತಿ ಕೈಸೇರಿದ ಕೂಡಲೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ