ಕುವೈತಿನ ಫೋನು, ಕ್ಯಾಲೆಂಡರಿನ ನಿದ್ದೆ

ಸುಮತಿಯಕ್ಕ ಅಂತ ಕರೆಯೋಣ. ಹೆಸರು ನಿಜದ್ದಲ್ಲ. ಗುರುತು ಸಿಗುವ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು 38. ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ಮನೆ. ಇಬ್ಬರು ಮಕ್ಕಳು, ಅತ್ತೆ, ಒಂದು ದನ. ಗಂಡ ಕುವೈತಿನಲ್ಲಿ ಒಂದು ಹೋಟೆಲಿನ ಅಡುಗೆಗೆ ಇದ್ದಾರೆ. ಇವರು ಹಗಲು ಬೀಡಿ ಕಟ್ಟಿ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಡುತ್ತಾರೆ.

ಅವರು ನನ್ನ ಹತ್ತಿರ ಸಲಹೆ ಕೇಳಲು ಬಂದದ್ದು ತೂಕಕ್ಕಲ್ಲ, ಸಿಟ್ಟಿಗೆ. ಬುತ್ತಿ ಮರೆತು ಶಾಲೆಗೆ ಹೊರಟ ಮಗಳಿಗೆ ಒಂದು ಏಟು ಕೊಟ್ಟು, ಆಮೇಲೆ ತಾವೇ ಅತ್ತಿದ್ದರು. ಮಾತಿನ ನಡುವೆ ತೂಕದ ವಿಷಯ ಬಂತು. ಎರಡು ವರ್ಷದಲ್ಲಿ 59 ಕಿಲೋ ಇದ್ದದ್ದು 68 ಆಗಿತ್ತು. "ರಾತ್ರಿ ಗಂಜಿ ಬಿಟ್ಟಿದ್ದೇನೆ ಮೇಡಂ. ಎರಡೇ ಚಪಾತಿ. ನನಗೆ ನೀರು ಕುಡಿದರೂ ದಪ್ಪ ಆಗ್ತದೆ." ಬ್ಯಾಗಿನಿಂದ ಒಂದು ಡಯಟ್ ಚಾರ್ಟ್ ತೆಗೆದರು. ಮಲಯಾಳಂನಲ್ಲಿತ್ತು. ಇವರು ಓದಿದ್ದು ಕನ್ನಡ ಮೀಡಿಯಂ. ಪಕ್ಕದ ಮನೆ ಹುಡುಗಿ ಓದಿ ಹೇಳಿದಷ್ಟು ಗೊತ್ತು. ಅದರಲ್ಲಿ ಏನು ತಿನ್ನಬೇಕು ಅಂತ ಇತ್ತು, ಯಾವಾಗ ಮಲಗಬೇಕು ಅಂತ ಒಂದು ಸಾಲೂ ಇರಲಿಲ್ಲ.

ನಾನು ಚಾರ್ಟ್ ಬದಿಗಿಟ್ಟು, ರಾತ್ರಿ ಹತ್ತರ ನಂತರ ಮನೆಯಲ್ಲಿ ಏನು ನಡೆಯುತ್ತದೆ ಹೇಳಿ ಅಂದೆ.

ಕುವೈತ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಗಂಡನ ಡ್ಯೂಟಿ ಅಲ್ಲಿ ಹತ್ತಕ್ಕೆ ಮುಗಿಯುವಾಗ ಇಲ್ಲಿ ಹನ್ನೆರಡೂವರೆ. ಅವರು ಸ್ನಾನ ಮಾಡಿ ಫೋನು ಮಾಡುವಾಗ ಒಂದು ಗಂಟೆ ಹತ್ತಿರ. ಅಲ್ಲಿವರೆಗೆ ನಿದ್ದೆ ತಡೆಯಬೇಕಲ್ಲ, ಅದಕ್ಕೆ ರೀಲ್ಸ್. ರೀಲ್ಸಿನ ಜೊತೆ ಒಂದು ಚಹಾ, ಬೇಕರಿಯ ಮಿಕ್ಸ್ಚರ್. ಏಳಕ್ಕೆ ತಿಂದ ಎರಡು ಚಪಾತಿ ಅಷ್ಟು ಹೊತ್ತು ನಿಲ್ಲುತ್ತದಾ? ಮಾತು ಮುಗಿಸಿ ಮಲಗುವಾಗ ಒಂದೂ ಮುಕ್ಕಾಲು. ಬೆಳಗ್ಗೆ ಐದೂಕಾಲಿಗೆ ದನ ಕರೆಯುತ್ತದೆ.

ಗೊರಕೆ ಇದೆಯಾ ಅಂತಲೂ ಕೇಳಿದೆ. ಗೊರಕೆ ಜೋರಾಗಿದ್ದು ಮಧ್ಯೆ ಉಸಿರು ಕಟ್ಟಿದ ಹಾಗಾದರೆ ಅದು ನನ್ನ ಕೈಯ ಕೆಲಸವಲ್ಲ, ಡಾಕ್ಟರ ಹತ್ತಿರ ಕಳಿಸಬೇಕು. ಜೊತೆಗೆ ಬಂದಿದ್ದ ಅತ್ತೆ ನಡುವೆ ಬಾಯಿ ಹಾಕಿದರು: "ಗೊರಕೆ ಹೊಡೆಯಲಿಕ್ಕೆ ಅವಳು ಮಲಗಬೇಕಲ್ಲ!" ಮೂವರೂ ನಕ್ಕೆವು. ಆದರೂ ಥೈರಾಯ್ಡ್, ಸಕ್ಕರೆ ಎರಡೂ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆ. ಥೈರಾಯ್ಡ್ ಸರಿ ಇತ್ತು. ಖಾಲಿ ಹೊಟ್ಟೆಯ ಸಕ್ಕರೆ 108. 100ರ ಒಳಗೆ ಇರಬೇಕಿತ್ತು.

ಮೊದಲ ದಿನ ನಾನೊಂದು ತಪ್ಪು ಮಾಡಿದೆ. "ರಾತ್ರಿಯ ಫೋನು ನಿಲ್ಲಿಸಿ" ಅಂದುಬಿಟ್ಟೆ. ಪುಸ್ತಕದ ಪ್ರಕಾರ ಸರಿಯಾದ ಸಲಹೆಯೇ. ಅವರು ತಲೆಯಾಡಿಸಿ ಹೋದರು. ಮತ್ತೆ ಒಂದೂವರೆ ತಿಂಗಳು ಈ ಕಡೆ ತಲೆ ಹಾಕಲಿಲ್ಲ. ತಿರುಗಿ ಬಂದಾಗ ಹೇಳಿದರು: "ಇಡೀ ದಿನದಲ್ಲಿ ನನ್ನನ್ನು ಉಂಟಾ ಅಂತ ಕೇಳುವವರು ಅವರೊಬ್ಬರೇ ಮೇಡಂ. ಅದನ್ನೂ ನಿಲ್ಲಿಸಿದರೆ ಮತ್ತೆ ಎಂತ ಉಳಿಯಿತು?" ನನಗೆ ನಾಚಿಕೆಯಾಯಿತು. ಗಲ್ಫಿನ ಮನೆಗಳ ನಡುವೆಯೇ ಇದ್ದುಕೊಂಡು ಇಷ್ಟು ತಿಳಿಯಬೇಡವಾ?

ಈ ಸಲ ಸಲಹೆ ಕೊಡುವ ಮೊದಲು ಲೆಕ್ಕ ಬರೆಸಿದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಅವರ ಚಾವಡಿಯಲ್ಲೇ ತೂಗುತ್ತಿತ್ತು. ಅದೇ ಚೌಕದಲ್ಲಿ ಲೈಟ್ ಆರಿಸಿದ ಹೊತ್ತು, ಎದ್ದ ಹೊತ್ತು, ಹತ್ತರ ನಂತರ ಬಾಯಿಗೆ ಹೋದದ್ದು ಬರೆಯಬೇಕು. ಎರಡು ವಾರದ ಫೋಟೋ ತಂದರು. "2 ಲೀ. 1.40–5.15. ಮಿಕ್ಸ್ಚರ್." "2 ಲೀ. 1.55–5.15. ಮಿಕ್ಸ್ಚರ್, ಚಿಪ್ಸ್." ಒಂದು ಚೌಕದಲ್ಲಿ ಮಾತ್ರ "10.30–5.15" ಅಂತಿತ್ತು, ಮುಂದೆ ಏನೂ ಇಲ್ಲ. ಅವತ್ತು ಕರೆಂಟ್ ಹೋಗಿ ಫೋನು ಸತ್ತಿತ್ತಂತೆ. ನಾನು ಗಂಟಲು ಹರಿದುಕೊಂಡು ಹೇಳಬೇಕಾದ್ದನ್ನು ಆ ಒಂದು ಚೌಕ ಹೇಳಿತು.

ಆಮೇಲೆ ಕಾರಣ ವಿವರಿಸಿದೆ. ಹಸಿವು ಎಬ್ಬಿಸುವ ಒಂದು ಹಾರ್ಮೋನ್ ಇದೆ, ಗ್ರೆಲಿನ್. ಸಾಕು ಅನ್ನಿಸುವುದು ಇನ್ನೊಂದು, ಲೆಪ್ಟಿನ್. ಶಿಕಾಗೋ ವಿಶ್ವವಿದ್ಯಾಲಯದವರು 2004ರಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಹತ್ತು ಗಂಟೆ ಮಲಗಲು ಬಿಟ್ಟಾಗಿನದಕ್ಕೆ ಹೋಲಿಸಿದರೆ ಗ್ರೆಲಿನ್ ಶೇಕಡಾ 28ರಷ್ಟು ಜಾಸ್ತಿ, ಲೆಪ್ಟಿನ್ ಶೇಕಡಾ 18ರಷ್ಟು ಕಡಿಮೆ. ಎರಡೇ ರಾತ್ರಿಗೆ ಇಷ್ಟು. ಸುಮತಿಯಕ್ಕನದ್ದು ಎರಡು ವರ್ಷ. "ಅಂದರೆ ನನ್ನ ಬಾಯಿಚಪಲ ಅಲ್ಲ?" ಅಂತ ಕೇಳಿದರು. ಅಲ್ಲ ಅಂದೆ. ಅವರ ಮುಖ ಸಡಿಲಾದದ್ದು ಆಗಲೇ.

ಅದೇ ಊರಿನ ಇನ್ನೊಂದು ಅಧ್ಯಯನ 2022ರದ್ದು. ಕಡಿಮೆ ಮಲಗುವ, ತೂಕ ಜಾಸ್ತಿ ಇರುವ 80 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಿದ್ದೆಯ ಬಗ್ಗೆ ಮಾತ್ರ ಸಲಹೆ ಕೊಟ್ಟರು, ಊಟದ ಸುದ್ದಿಗೇ ಹೋಗಲಿಲ್ಲ. ನಿದ್ದೆ ಒಂದು ಗಂಟೆಗೂ ಹೆಚ್ಚಾಯಿತು. ಉಳಿದವರಿಗೆ ಹೋಲಿಸಿದರೆ ದಿನಕ್ಕೆ ಸುಮಾರು 270 ಕ್ಯಾಲೊರಿ ಕಡಿಮೆ ತಿಂದರು. ಐವತ್ತು ಗ್ರಾಂ ಮಿಕ್ಸ್ಚರಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಇರುವುದು.

ಇನ್ನು ಫೋನಿನ ವಿಷಯ. ಗಂಡನ ಡ್ಯೂಟಿ ಶುರುವಾಗುವುದು ಅಲ್ಲಿನ ಹನ್ನೆರಡಕ್ಕೆ. ಅವರು ಎದ್ದು ಚಹಾ ಕುಡಿಯುವಾಗ ಇಲ್ಲಿ ಹನ್ನೊಂದೂವರೆ, ಸುಮತಿಯಕ್ಕ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುವ ಹೊತ್ತು. ಮಾತು ಆಗ ಇರಲಿ. ಮಕ್ಕಳ ಜೊತೆ ಮಾತು ಅವರ ರಜೆಯ ದಿನ ಶುಕ್ರವಾರ ಸಂಜೆ. ಡ್ಯೂಟಿ ಮುಗಿದ ಮೇಲೆ ಅವರು ವಾಟ್ಸಾಪಿನಲ್ಲಿ ಎರಡು ನಿಮಿಷ ಮಾತಾಡಿ ಕಳಿಸಲಿ, ಬೆಳಗ್ಗೆ ಎದ್ದ ಮೇಲೆ ಕೇಳಿದರಾಯಿತು. ಗಂಡನನ್ನು ಒಪ್ಪಿಸಲು ಒಂದು ವಾರ ಹಿಡಿಯಿತು. ಅವರಿಗೆ ಬೇರೆ ಸಂಶಯ ಬಂದಿತ್ತು, ಅದು ಇಲ್ಲಿ ಬೇಡ.

ಉಳಿದದ್ದು ಸಣ್ಣಪುಟ್ಟದ್ದು. ರಾತ್ರಿಯ ಕುಚ್ಚಲಕ್ಕಿ ಗಂಜಿ ವಾಪಸ್ ಬರಲಿ, ಎಂಟಕ್ಕೆ, ಹೆಸರುಕಾಳಿನ ಪಲ್ಯವೋ ಮೀನೋ ಜೊತೆಗಿರಲಿ. ನಾಲ್ಕರ ನಂತರ ಚಹಾ ಬೇಡ. ಮಧ್ಯಾಹ್ನದ ಒಂದೂವರೆ ಗಂಟೆಯ ನಿದ್ದೆ ಇಪ್ಪತ್ತು ನಿಮಿಷಕ್ಕೆ ಇಳಿಯಲಿ. ಫೋನಿನ ಚಾರ್ಜರ್ ಚಾವಡಿಯಲ್ಲೇ ಇರಲಿ. ಒಂದೇ ದಿನ ಹತ್ತಕ್ಕೆ ಮಲಗಲು ಹೋಗಬೇಡಿ, ಸುಮ್ನೆ ಹೊರಳಾಡುತ್ತೀರಿ. ಮೂರ್ನಾಲ್ಕು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ತನ್ನಿ. ಏಳುವ ಹೊತ್ತು ಮಾತ್ರ ಬದಲಿಸಬೇಡಿ. ದನವೂ ಬಿಡುವುದಿಲ್ಲ, ಅಲ್ವಾ?

ನಾಲ್ಕು ತಿಂಗಳಾಯಿತು. ನಿದ್ದೆ ಈಗ ಆರೂವರೆ ಗಂಟೆ. ದೊಡ್ಡವರಿಗೆ ಏಳು ಬೇಕು, ಇವರದ್ದು ಇನ್ನೂ ಅರ್ಧ ಗಂಟೆ ಸಾಲ. ತೂಕ 65.5. ದೊಡ್ಡ ಇಳಿಕೆಯೇನಲ್ಲ, ಸಂಜೆ ನಡಿಗೆ ಶುರು ಮಾಡಿದ್ದೂ ಅದಕ್ಕೆ ಸೇರಿದೆ. ಮಗಳ ಮೇಲೆ ಕೈ ಎತ್ತಿಲ್ಲ. ಹಾಲು ಕರೆಯುವಾಗ ಫೋನನ್ನು ಹಟ್ಟಿಯ ಕಿಟಕಿಯಲ್ಲಿಟ್ಟು ಗಂಡನ ಮಾತು ಕೇಳುತ್ತಾರಂತೆ. ದನಕ್ಕೂ ಈಗ ಆ ಸ್ವರ ಅಭ್ಯಾಸವಾಗಿದೆ ಅಂತ ನಗುತ್ತಾರೆ.

ಹೋದ ವಾರ ಎದ್ದು ಹೊರಟವರು ಬಾಗಿಲಲ್ಲಿ ನಿಂತರು. "ಅವರದ್ದೂ ಹೊಟ್ಟೆ ಬಂದಿದೆ ಮೇಡಂ. ಮಲಗುವುದು ಅಲ್ಲಿನ ಮೂರಕ್ಕಂತೆ. ಕ್ಯಾಲೆಂಡರ್ ಬರೆಯಲಿಕ್ಕೆ ಹೇಳ್ಲಾ?" ಹೇಳಿ ಅಂದೆ. ಕುವೈತಿನ ಫೋಟೋ ಇನ್ನೂ ಬಂದಿಲ್ಲ.