ಫೆಬ್ರವರಿಯಲ್ಲಿ ಲ್ಯಾಪ್‌ಲ್ಯಾಂಡ್: ನಿಮ್ಮ ಆರು ದಿನದ ಪ್ಲ್ಯಾನಿಗೆ ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ, ಕೂತು ಬರೆಯೋಣ ಅಂತ ಇವತ್ತಿಗೆ ಇಟ್ಟುಕೊಂಡೆ. ನೀವು, ನಿಮ್ಮ ಮನೆಯವರು, ಐದು ವರ್ಷದ ಮಗ, ಜೊತೆಗೆ ಅಪ್ಪ ಅಮ್ಮ. ಫೆಬ್ರವರಿ ಮಧ್ಯದಲ್ಲಿ ಫಿನ್ಲೆಂಡಿನ ರೊವಾನಿಯೆಮಿಯಲ್ಲಿ ಇಳಿದು, ಬಾಡಿಗೆ ಕಾರು ತೆಗೆದುಕೊಂಡು, ನಾರ್ವೆಯ ನೋರ್ಡ್‌ಕಾಪ್, ಅಲ್ಲಿಂದ ಟ್ರೋಮ್ಸೊ, ಮತ್ತೆ ವಾಪಸ್ ರೊವಾನಿಯೆಮಿ. ಎಲ್ಲಾ ಸೇರಿ ಆರು ದಿನ. "ಬೆಂಗಳೂರಿನಿಂದ ಲೇಹ್‌ವರೆಗೆ ಓಡಿಸಿದ್ದೇನೆ, ಇದೇನು ಅಷ್ಟು ಕಷ್ಟವಾ?" ಅಂತ ಕೇಳಿದ್ದೀರಿ.

ಲೇಹ್ ಓಡಿಸಿದವರಿಗೆ ಕಾರು ಓಡಿಸುವುದು ಕಷ್ಟ ಆಗಲ್ಲ. ಆದರೆ ಈ ಪ್ಲ್ಯಾನ್ ಆಗಲ್ಲ. ಲೆಕ್ಕ ಹಾಕಿ ನೋಡಿ. ರೊವಾನಿಯೆಮಿಯಿಂದ ನೋರ್ಡ್‌ಕಾಪ್‌ಗೆ ಸುಮಾರು 690 ಕಿ.ಮೀ. ಅಲ್ಲಿಂದ ಟ್ರೋಮ್ಸೊಗೆ 500ರ ಮೇಲೆ. ಟ್ರೋಮ್ಸೊದಿಂದ ವಾಪಸ್ ಬರಲು ಹತ್ತಿರ ಹತ್ತಿರ 600. ಒಟ್ಟು 1,800 ಆಯಿತು. ಬೇಸಿಗೆಯಲ್ಲಾದರೆ ನಾನೇ ಹೋಗಿ ಅನ್ನುತ್ತಿದ್ದೆ. ಫೆಬ್ರವರಿ ಮಧ್ಯದಲ್ಲಿ ಅಲ್ಲಿ ಬೆಳಕು ಇರುವುದು ಸುಮಾರು 8 ಗಂಟೆ. ಹೆದ್ದಾರಿಯಲ್ಲೂ ಚಳಿಗಾಲಕ್ಕೆ ವೇಗದ ಮಿತಿಯನ್ನು 100ರಿಂದ 80ಕ್ಕೆ ಇಳಿಸಿರುತ್ತಾರೆ, ಮಂಜು ಬಿದ್ದ ದಿನ ಅದಕ್ಕಿಂತ ನಿಧಾನ. ನೋರ್ಡ್‌ಕಾಪ್‌ನ ಕೊನೆಯ 13 ಕಿ.ಮೀ. ಅಂತೂ ನಿಮ್ಮಿಷ್ಟಕ್ಕೆ ಹೋಗುವಂತೆಯೇ ಇಲ್ಲ. ನಿಗದಿತ ಸಮಯಕ್ಕೆ ಹಿಮ ತೆಗೆಯುವ ಗಾಡಿ ಮುಂದೆ ಹೋಗುತ್ತದೆ, ಉಳಿದ ಕಾರುಗಳು ಸಾಲಾಗಿ ಅದರ ಹಿಂದೆ. ಗಾಳಿ ಎದ್ದರೆ ಅದೂ ರದ್ದು. ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು 700 ಕಿ.ಮೀ. ಹೋಗಿ ಗೇಟಿನ ಮುಂದೆ ನಿಂತು ವಾಪಸ್ ಬರುವುದು ಬೇಡ ಅಲ್ವಾ?

ಟ್ರೋಮ್ಸೊ ಬೇಡ ಅನ್ನುವುದಕ್ಕೆ ಬೇರೆಯೇ ಕಾರಣ ಇದೆ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಕಡೆಯಿಂದ ಬರುವವರೆಲ್ಲ ಮೈನಸ್ 25, ಮೈನಸ್ 30 ಅಂತ ಕೇಳಿ ಹೆದರುತ್ತಾರೆ. ಕಾರಿನ ಮಟ್ಟಿಗೆ ನಾನು ಹೆದರುವುದು ಸೊನ್ನೆಗೆ. ಮೈನಸ್ 20ರಲ್ಲಿ ರಸ್ತೆಯ ಮೇಲಿನ ಹಿಮ ಒಣಗಿರುತ್ತದೆ, ಗಟ್ಟಿಯಾಗಿರುತ್ತದೆ, ಟೈರ್ ಕಚ್ಚಿ ಹಿಡಿಯುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಅದೇ ಮಂಜುಗಡ್ಡೆಯ ಮೇಲೆ ತೆಳುವಾಗಿ ನೀರು ನಿಲ್ಲುತ್ತದೆ. ಆಗ ಅದು ಎಣ್ಣೆ ಹಚ್ಚಿದ ಹೆಂಚು. ಟ್ರೋಮ್ಸೊ ಸಮುದ್ರದ ಪಕ್ಕ ಇದೆ, ಬಿಸಿ ಪ್ರವಾಹದ ಕೃಪೆಯಿಂದ ಚಳಿಗಾಲದಲ್ಲೂ ಎಷ್ಟೋ ಸಲ ಸೊನ್ನೆಯ ಸುತ್ತಲೇ ಇರುತ್ತದೆ. ಮಳೆ, ಹಿಮ, ಮತ್ತೆ ಮಳೆ. ಜೊತೆಗೆ ಬೆಟ್ಟ, ತಿರುವು, ಸುರಂಗ. ಫಿನ್ಲೆಂಡ್ ಕಡೆಯ ಲ್ಯಾಪ್‌ಲ್ಯಾಂಡ್ ಹೆಚ್ಚು ಚಳಿ, ಆದರೆ ರಸ್ತೆ ನೇರ, ಹೆಚ್ಚೂಕಡಿಮೆ ಸಮತಟ್ಟು. ಮೊದಲ ಸಲ ಹಿಮದಲ್ಲಿ ಓಡಿಸುವವರಿಗೆ ಅದೇ ವಾಸಿ.

ಇದು ಓದಿ ತಿಳಿದ ಮಾತಲ್ಲ. ನಾನು ಫಿನ್ಲೆಂಡಿನ ಟಾಂಪೆರೆಗೆ ಬಂದು ಇದು ಏಳನೇ ಚಳಿಗಾಲ. ಮೊದಲ ವರ್ಷದ ನವೆಂಬರ್. ಡ್ಯಾಶ್‌ಬೋರ್ಡಿನಲ್ಲಿ +1 ತೋರಿಸುತ್ತಿತ್ತು. ರಸ್ತೆ ಕಪ್ಪಗೆ, ಸುಮ್ನೆ ಒದ್ದೆಯಾದ ಡಾಂಬರಿನ ಹಾಗೆ ಕಾಣುತ್ತಿತ್ತು. ಊರಾಚೆಯ ಸರ್ಕಲ್ಲಿಗೆ ಬಂದೆ, 30ರಲ್ಲಿ ಇದ್ದೆನೋ ಏನೋ. ಸ್ಟೀರಿಂಗ್ ತಿರುಗಿಸಿದೆ. ಚಕ್ರ ತಿರುಗಿತು, ಕಾರು ತಿರುಗಲಿಲ್ಲ. ನೇರ ಹೋಗಿ ಸರ್ಕಲ್ಲಿನ ನಡುವಿನ ಹಿಮದ ಗುಡ್ಡೆಗೆ ಮೂತಿ ಇಟ್ಟು ನಿಂತಿತು. ಸದ್ದು ಕೂಡ ಆಗಲಿಲ್ಲ, ಅದೇ ಹೆದರಿಸಿದ್ದು. ಕಣ್ಣಿಗೆ ಕಾಣದ ಆ ಪದರಕ್ಕೆ ಇಲ್ಲಿಯವರು "ಮುಸ್ತಾ ಯಾ" ಅನ್ನುತ್ತಾರೆ, ಕಪ್ಪು ಮಂಜುಗಡ್ಡೆ. ಅವತ್ತಿನಿಂದ ನಾನು ಬೆಳಿಗ್ಗೆ ಮೊದಲು ನೋಡುವುದು ಉಷ್ಣಾಂಶ. +2ರಿಂದ -3ರ ನಡುವೆ ಇದ್ದರೆ ನನ್ನ ವೇಗ ಅರ್ಧ.

ಹಾಗಾಗಿ ನನ್ನ ಸಲಹೆ: ಗಡಿ ದಾಟಬೇಡಿ. ರೊವಾನಿಯೆಮಿಯಿಂದ "ಇ75" ಹೆದ್ದಾರಿ ಹಿಡಿದು ಉತ್ತರಕ್ಕೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಮೊದಲ ದಿನ ರೊವಾನಿಯೆಮಿಯಲ್ಲೇ ಉಳಿಯಿರಿ. ವಿಮಾನ ರಾತ್ರಿ ಇಳಿದರೆ ಟ್ಯಾಕ್ಸಿಯಲ್ಲಿ ರೂಮಿಗೆ ಹೋಗಿ, ಕಾರನ್ನು ಬೆಳಿಗ್ಗೆ ಬೆಳಕಿನಲ್ಲಿ ತೆಗೆದುಕೊಳ್ಳಿ. ಎರಡನೇ ದಿನ ಸೊದಾನ್‌ಕ್ಯುಲಾದಲ್ಲಿ ಊಟ ಮುಗಿಸಿ ಸಾರಿಸೆಲ್ಕಾ. ಅಲ್ಲಿಗೆ 260 ಕಿ.ಮೀ. ಆಗುತ್ತದೆ, ಅರ್ಧ ದಾರಿಯಲ್ಲಿ ಸೊದಾನ್‌ಕ್ಯುಲಾ. ಸಾರಿಸೆಲ್ಕಾದಲ್ಲಿ ಎರಡು ರಾತ್ರಿ. ಪಕ್ಕದಲ್ಲೇ ಉರ್ಹೊ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನ ಇದೆ, ಮಗನಿಗೆ ಜಾರುಬಂಡಿ ಇದೆ, ಅಪ್ಪ ಅಮ್ಮನಿಗೆ ಕಾರಿನಲ್ಲೇ ಹತ್ತಿ ನೋಡಬಹುದಾದ ಕೌನಿಸ್ಪಾ ಗುಡ್ಡ ಇದೆ. ಆಮೇಲೆ ಇವಾಲೊ ದಾಟಿ ಇನಾರಿ, ಬರೀ 70 ಕಿ.ಮೀ. ಇಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಬದುಕಿನ ಬಗ್ಗೆ ಅಲ್ಲಿ ಸಿಯಿದಾ ಅನ್ನುವ ಮ್ಯೂಸಿಯಂ ಇದೆ. ಇಡೀ ಪ್ರವಾಸದಲ್ಲಿ ಒಂದೇ ಒಂದು ಟಿಕೆಟ್ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಒಂದು ರಾತ್ರಿ ಅಲ್ಲಿದ್ದು ವಾಪಸ್. ಉಳಿಯುವ ಒಂದು ದಿನವನ್ನು ಖಾಲಿ ಬಿಡಿ. ಹಿಮಗಾಳಿ ಎದ್ದ ದಿನ ರೂಮಿನಲ್ಲೇ ಕೂರುವುದಕ್ಕೆ ಆ ದಿನ ಬೇಕು. ಇಷ್ಟಕ್ಕೂ ಓಡಾಟ 700 ಕಿ.ಮೀ. ಒಳಗೇ ಮುಗಿಯುತ್ತದೆ.

ಇನ್ನು ಕಾರು. ಆಟೊಮ್ಯಾಟಿಕ್ಕೇ ತೆಗೆದುಕೊಳ್ಳಿ. ಇಲ್ಲಿ ಬಲಗಡೆ ಓಡಿಸುವುದು, ಸ್ಟೀರಿಂಗ್ ಎಡಕ್ಕೆ. ಗೇರ್ ಹುಡುಕಿಕೊಂಡು ಎಡಗೈ ಬಾಗಿಲಿಗೆ ಬಡಿಯುತ್ತಾ ಇರುತ್ತದೆ. ಇಂಡಿಕೇಟರ್ ಕೂಡ ಎಡಗಡೆ ಇರುತ್ತದೆ. ನಮ್ಮ ಕಾರುಗಳ ಅಭ್ಯಾಸಕ್ಕೆ ಮೊದಲ ಎರಡು ದಿನ ಪ್ರತಿ ತಿರುವಿನಲ್ಲೂ ವೈಪರ್ ಹಾಕುತ್ತೀರಿ, ನಗಬೇಡಿ, ಎಲ್ಲರೂ ಹಾಕುತ್ತಾರೆ. ಕೀ ಸಿಕ್ಕ ತಕ್ಷಣ ಹೆದ್ದಾರಿಗೆ ಹೋಗದೆ ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. 20ರಲ್ಲಿ ಹೋಗಿ ಬ್ರೇಕ್ ಗಟ್ಟಿಯಾಗಿ ಒತ್ತಿ. ಎಬಿಎಸ್ ಕಟಕಟ ಅಂತ ಕಾಲಿಗೆ ಹೊಡೆಯುತ್ತದೆ, ಕಾಲು ತೆಗೆಯಬೇಡಿ. ಎಷ್ಟು ದೂರ ಜಾರಿತು ನೋಡಿ. 30ರಲ್ಲಿ ಮತ್ತೆ ಮಾಡಿ. ಹತ್ತು ನಿಮಿಷದ ಈ ಆಟ ನಾನು ಇಲ್ಲಿ ಬರೆಯುವ ಎಲ್ಲಕ್ಕಿಂತ ಜಾಸ್ತಿ ಕಲಿಸುತ್ತದೆ.

ಟೈರ್ ವಿಚಾರ. ನವೆಂಬರಿನಿಂದ ಮಾರ್ಚ್‌ವರೆಗೆ ರಸ್ತೆ ಹವಾಮಾನ ಬೇಡಿದಾಗ ಚಳಿಗಾಲದ ಟೈರ್ ಕಡ್ಡಾಯ, ಬಾಡಿಗೆ ಕಾರುಗಳಿಗೆ ಹಾಕಿಯೇ ಕೊಡುತ್ತಾರೆ. ಅದರಲ್ಲಿ ಎರಡು ಜಾತಿ. ಒಂದಕ್ಕೆ ಮೊಳೆ ಇರುತ್ತದೆ, ಇನ್ನೊಂದು ಬರೀ ಮೆತ್ತನೆ ರಬ್ಬರ್. ಮೊಳೆಯದಕ್ಕೆ ಇಲ್ಲಿ "ನಸ್ತಾ" ಅನ್ನುತ್ತಾರೆ. ನಮ್ಮ ಹುಬ್ಬಳ್ಳಿ ಕಡೆಯ ಗೆಳೆಯನೊಬ್ಬ ಕೌಂಟರಿನಲ್ಲಿ ಆ ಹುಡುಗಿ "ನಸ್ತಾ?" ಅಂತ ಕೇಳಿದಾಗ "ಆಗೇತ್ರೀ" ಅಂದಿದ್ದನಂತೆ. ನೀವು ಬೇಕು ಅನ್ನಿ. ಬುಕ್ ಮಾಡುವಾಗಲೇ ಮೊಳೆ ಟೈರೇ ಬೇಕು ಅಂತ ಬರೆದು ಕೇಳಿ.

ರೂಮು ಬುಕ್ ಮಾಡುವಾಗ ಕಾರು ನಿಲ್ಲಿಸುವ ಜಾಗದಲ್ಲಿ ಕರೆಂಟ್ ಕಂಬ ಇದೆಯಾ ಕೇಳಿ. ಸೊಂಟದೆತ್ತರದ ಒಂದು ಪೆಟ್ಟಿಗೆ, ಒಳಗೆ ಸಾಕೆಟ್, ಪಕ್ಕದಲ್ಲಿ ಗಡಿಯಾರದ ಹಾಗೆ ತಿರುಗಿಸುವ ಟೈಮರ್. ಕಾರಿನ ಮುಂಭಾಗದಲ್ಲಿ ಒಂದು ಪ್ಲಗ್ ಇರುತ್ತದೆ, ಡಿಕ್ಕಿಯಲ್ಲಿ ಕೇಬಲ್ ಇರುತ್ತದೆ. ರಾತ್ರಿ ಸಿಕ್ಕಿಸಿ, ಹೊರಡುವ ಹೊತ್ತಿಗೆ ಟೈಮರ್ ಇಟ್ಟು ಮಲಗಿದರೆ ಎಂಜಿನ್ ಬೆಚ್ಚಗಿರುತ್ತದೆ. ಮೈನಸ್ 5ರಲ್ಲಿ ಒಂದು ಗಂಟೆ ಸಾಕು, ಮೈನಸ್ 20ರ ಕೆಳಗೆ ಮೂರು ಗಂಟೆ ಇಡಿ. ಎಂಜಿನ್ ಸುಮ್ನೆ ಓಡಿಸಿಟ್ಟು ಬಿಸಿ ಮಾಡೋಣ ಅಂದರೆ ಕಾನೂನು ಬಿಡಲ್ಲ. ನಿಂತಲ್ಲೇ ಎಂಜಿನ್ ಓಡಿಸಲು ಮಿತಿ 2 ನಿಮಿಷ, ಮೈನಸ್ 15ರ ಕೆಳಗಾದರೆ 4 ನಿಮಿಷ. ಹೊರಡುವಾಗ ಕೇಬಲ್ ಕೀಳಲು ಮರೆಯಬೇಡಿ. ನಾನೊಮ್ಮೆ ಮರೆತು, ಕೇಬಲ್ ಬಾಲದ ಹಾಗೆ ಎಳೆದುಕೊಂಡು ಗೇಟಿನವರೆಗೆ ಹೋಗಿದ್ದೆ.

ಬೆಳಿಗ್ಗೆ ಗಾಜಿನ ಮೇಲೆ ಬಿಸಿ ನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಕೆರೆಯುವ ಪ್ಲಾಸ್ಟಿಕ್ ಮತ್ತು ಬ್ರಷ್ ಕಾರಿನಲ್ಲೇ ಇರುತ್ತದೆ. ಟಾಪ್ ಮೇಲಿನ ಹಿಮವನ್ನೂ ಗುಡಿಸಿ. ಇಲ್ಲದಿದ್ದರೆ ಮೊದಲ ಬ್ರೇಕಿಗೆ ಪೂರ್ತಿ ಮುಂದಿನ ಗಾಜಿನ ಮೇಲೆ ಜಾರಿ ಬರುತ್ತದೆ. ಹ್ಯಾಂಡ್‌ಬ್ರೇಕ್ ರಾತ್ರಿಯಿಡೀ ಎಳೆದಿಟ್ಟರೆ ಹಿಡಿದುಕೊಂಡುಬಿಡಬಹುದು, ಸಮತಟ್ಟಾದ ಜಾಗದಲ್ಲಿ ಗೇರ್ "ಪಿ"ಯಲ್ಲಿಟ್ಟರೆ ಸಾಕು. ಇನ್ನೊಂದು, ಎಷ್ಟೋ ಜನಕ್ಕೆ ಗೊತ್ತಿಲ್ಲ: ಲೈಟ್ "ಆಟೊ"ದಲ್ಲಿದ್ದರೆ ಹಗಲು ಮುಂದಿನದು ಮಾತ್ರ ಉರಿದು ಹಿಂದಿನದು ಉರಿಯದೆ ಇರಬಹುದು. ಹಿಮ ಬೀಳುವಾಗ ಹಿಂದಿನವರಿಗೆ ನೀವು ಕಾಣುವುದೇ ಇಲ್ಲ. ಕೈಯಿಂದಲೇ ಆನ್ ಮಾಡಿಡಿ. ಎಲ್‌ಇಡಿ ಲೈಟಿಗೆ ಬಿಸಿ ಕಡಿಮೆ, ಮೇಲೆ ಕೂತ ಹಿಮ ಕರಗಲ್ಲ. ನಿಂತಾಗಲೆಲ್ಲ ಒರೆಸಿ.

ರಸ್ತೆಯಲ್ಲಿ ಹಿಮಸಾರಂಗ ಸಿಗುತ್ತವೆ. ಸಿಗಬಹುದು ಅಲ್ಲ, ಸಿಕ್ಕೇ ಸಿಗುತ್ತವೆ. ಈ ದೇಶದ ಉತ್ತರ ಭಾಗದಲ್ಲಿ ಸುಮಾರು 2 ಲಕ್ಷ ಇವೆ, ಕಾಡುಪ್ರಾಣಿ ಅಲ್ಲ, ಪ್ರತಿಯೊಂದಕ್ಕೂ ಒಡೆಯ ಇರುತ್ತಾನೆ, ಕಿವಿ ಕತ್ತರಿಸಿ ಗುರುತು ಮಾಡಿರುತ್ತಾರೆ. ವರ್ಷಕ್ಕೆ ಸುಮಾರು 4,000 ವಾಹನಕ್ಕೆ ಸಿಕ್ಕಿ ಸಾಯುತ್ತವೆ. ನಮ್ಮ ಹೆದ್ದಾರಿಯಲ್ಲಿ ಮಲಗುವ ದನಗಳ ಹಾಗೆಯೇ, ಹಾರ್ನ್‌ಗೆ ಜಗ್ಗಲ್ಲ. ಒಂದು ದಾಟಿತು ಅಂತ ಆಕ್ಸಿಲರೇಟರ್ ಒತ್ತಬೇಡಿ, ಹಿಂದೆ ಇನ್ನೂ ನಾಲ್ಕು ಇರುತ್ತವೆ. ಎದುರಿನ ಕಾರು ಲೈಟ್ ಮಿಣುಕಿಸಿದರೆ ನಮ್ಮಲ್ಲಿ "ನಾನು ಬರ್ತಿದ್ದೀನಿ, ಸರಿ" ಅಂತ ಅರ್ಥ. ಇಲ್ಲಿ "ಮುಂದೆ ಸಾರಂಗ ಇವೆ, ನಿಧಾನ" ಅಂತ. ಈ ಅಭ್ಯಾಸವನ್ನು ತಲೆಯಲ್ಲಿ ತಿರುಗಿಸಿ ಇಟ್ಟುಕೊಳ್ಳಿ. ಅಕಸ್ಮಾತ್ ಬಡಿದರೆ 112ಕ್ಕೆ ಫೋನ್ ಮಾಡಲೇಬೇಕು. "112 ಸುಓಮಿ" ಆ್ಯಪ್ ಮೊದಲೇ ಹಾಕಿಕೊಳ್ಳಿ, ಅದರಿಂದ ಕರೆ ಮಾಡಿದರೆ ನೀವು ಎಲ್ಲಿದ್ದೀರಿ ಅನ್ನುವುದು ಅವರಿಗೆ ತಾನಾಗಿ ತಿಳಿಯುತ್ತದೆ.

ಮರದ ದಿಮ್ಮಿ ಸಾಗಿಸುವ ಲಾರಿಗಳನ್ನು ಓವರ್‌ಟೇಕ್ ಮಾಡಲು ಹೋಗಬೇಡಿ. ಇಲ್ಲಿ 76 ಟನ್‌ವರೆಗೆ ತೂಕಕ್ಕೆ ಅನುಮತಿ ಇದೆ. ಅದು ಎಬ್ಬಿಸುವ ಹಿಮದ ಹೊಗೆಯೊಳಗೆ ನಿಮ್ಮದೇ ಬಾನೆಟ್ ಕಾಣಲ್ಲ. ಹಿಂದೆ ಉಳಿದುಬಿಡಿ. ನಿಮ್ಮ ಹಿಂದೆ ಊರಿನವರ ಕಾರು ಬಂದು ಅವಸರ ಮಾಡಿದರೆ ಬಸ್ ನಿಲ್ಲುವ ಜಾಗದಲ್ಲಿ ಪಕ್ಕಕ್ಕೆ ಹೋಗಿ ಬಿಟ್ಟುಕೊಡಿ, ಮರ್ಯಾದೆ ಏನೂ ಹೋಗಲ್ಲ.

ಉತ್ತರದ ಬೆಳಕು (ರಾತ್ರಿ ಆಕಾಶದಲ್ಲಿ ಕಾಣುವ ಅರೋರಾ) ಕಂಡರೆ ಎಲ್ಲರೂ ತಪ್ಪು ಮಾಡುವುದು ಇಲ್ಲೇ. ನಾನೂ ಮಾಡಿದ್ದೆ. ಇನಾರಿಯಿಂದ ಬರುವಾಗ ಆಕಾಶ ಹಸಿರಾಯಿತು, ಹೆಂಡತಿ "ನಿಲ್ಸಿ ನಿಲ್ಸಿ" ಅಂದಳು, ರಸ್ತೆಯ ಅಂಚಿಗೆ ತೆಗೆದೆ. ಹಿಮ ತಳ್ಳುವ ಗಾಡಿ ಅಂಚನ್ನು ಎಷ್ಟು ನುಣ್ಣಗೆ ಸವರಿರುತ್ತದೆ ಅಂದರೆ ಅದೂ ರಸ್ತೆಯೇ ಅನ್ನಿಸುತ್ತದೆ. ಕೆಳಗೆ ಚರಂಡಿ ಇತ್ತು. ಬಲಗಡೆಯ ಎರಡೂ ಚಕ್ರ ನಿಧಾನಕ್ಕೆ ಕೂತವು. ಮುಕ್ಕಾಲು ಗಂಟೆ ಆದಮೇಲೆ ಪಕ್ಕದ ಮನೆಯ ಮುದುಕರೊಬ್ಬರು ಟ್ರ್ಯಾಕ್ಟರ್ ತಂದು ಎಳೆದರು. ಒಂದು ಮಾತೂ ಆಡಲಿಲ್ಲ, ದುಡ್ಡೂ ಮುಟ್ಟಲಿಲ್ಲ. ಅಷ್ಟು ಹೊತ್ತು ಬೆಳಕು ಮಾತ್ರ ಚೆನ್ನಾಗಿ ಕಂಡಿತು, ಅದು ಬೇರೆ ವಿಷಯ. ರಸ್ತೆ ಬದಿಯ ಕಡ್ಡಿಗಳು ನೆಟ್ಟಿರುವುದೇ ಅಂಚು ತೋರಿಸುವುದಕ್ಕೆ. ಪಾರ್ಕಿಂಗಿನ "ಪಿ" ಫಲಕ ಇರುವ ಜಾಗದಲ್ಲಿ ಮಾತ್ರ ನಿಲ್ಲಿಸಿ. ಅದಕ್ಕಿಂತ ಒಳ್ಳೆಯದು, ರೂಮಿನ ಹಿಂದೆ ದೀಪ ಇಲ್ಲದ ಕಡೆ ನಡೆದು ಹೋಗಿ ನೋಡುವುದು.

ಪೆಟ್ರೋಲು ಅರ್ಧಕ್ಕೆ ಬಂದರೆ ತುಂಬಿಸಿ. ಸೊದಾನ್‌ಕ್ಯುಲಾ, ಇವಾಲೊ ದಾಟಿದ ಮೇಲೆ ಬಂಕ್‌ಗಳು ದೂರ ದೂರ. ಹೆಚ್ಚಿನ ಕಡೆ ಜನವೇ ಇರುವುದಿಲ್ಲ, ಪಿನ್ ಇರುವ ಕಾರ್ಡ್ ಬೇಕು. ಜನ ಇಲ್ಲದ ಬಂಕಿಗೆ ಇವರ ಭಾಷೆಯಲ್ಲಿ "ತಣ್ಣನೆ ಬಂಕ್" ಅಂತಲೇ ಹೆಸರು.

ಮಗನಿಗೆ ಸೀಟ್ ಕಾರಿನ ಜೊತೆಗೇ ಬುಕ್ ಮಾಡಿ. 135 ಸೆಂ.ಮೀ. ಒಳಗಿನ ಮಕ್ಕಳಿಗೆ ಅದು ಕಡ್ಡಾಯ. ದಪ್ಪ ಜಾಕೆಟ್ ಬಿಚ್ಚಿ ಬೆಲ್ಟ್ ಹಾಕಿ, ಜಾಕೆಟ್ ಮೇಲೆ ಹೊದಿಸಿ. ಇಲ್ಲದಿದ್ದರೆ ಬೆಲ್ಟ್ ಸಡಿಲ ಉಳಿಯುತ್ತದೆ. ಎಲ್ಲರ ಜಾಕೆಟ್, ಟೋಪಿ, ಗ್ಲೌಸ್ ಕೈಗೆ ಸಿಗುವ ಹಾಗೆ ಒಳಗೇ ಇರಲಿ, ಡಿಕ್ಕಿಯಲ್ಲಿ ಬೇಡ. ಜೀನ್ಸ್ ಬಿಟ್ಟುಬನ್ನಿ, ಒಳಗೆ ಉಣ್ಣೆಯದು ಹಾಕಿ, ಬೂಟು ಒಂದು ಸೈಜ್ ದೊಡ್ಡದು.

ಕಾಗದಪತ್ರ ನಿಮಗೆ ಗೊತ್ತಿರುವುದೇ. ಷೆಂಗೆನ್ ವೀಸಾ, 30,000 ಯೂರೋ ವಿಮೆ. ಆರ್‌ಟಿಒದಲ್ಲಿ ಫಾರಂ 4ಎ ತುಂಬಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಮೂಲ ಲೈಸೆನ್ಸ್ ಕಾರ್ಡ್ ಮರೆಯಬೇಡಿ, ಪರ್ಮಿಟ್ ಒಂದೇ ಸಾಲಲ್ಲ. ಕಾರು ಬುಕ್ ಮಾಡುವ ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಲ್ಲೇ ಇರಲಿ.

ಅಮ್ಮನಿಗೆ ಮೊದಲೇ ಒಂದು ಮಾತು ಹೇಳಿ: ತುಪ್ಪ, ಪೇಡ ಕಟ್ಟಬೇಡಿ ಅಂತ. ಹಾಲಿನ ಪದಾರ್ಥ, ಮಾಂಸ ಯುರೋಪಿಗೆ ತರುವಂತಿಲ್ಲ, ಸಿಕ್ಕರೆ ಕಿತ್ತು ಎಸೆಯುತ್ತಾರೆ. ಗೊಜ್ಜವಲಕ್ಕಿ, ಚಟ್ನಿಪುಡಿ ತನ್ನಿ. ಹೋಟೆಲ್ ಬದಲು ಅಡುಗೆಮನೆ ಇರುವ ಮರದ ಮನೆ ಹಿಡಿದರೆ ಅನ್ನ ಸಾರು ನೀವೇ ಮಾಡಿಕೊಳ್ಳಬಹುದು, ಐದು ಜನಕ್ಕೆ ಖರ್ಚೂ ಉಳಿಯುತ್ತದೆ. ಒಂದು ಒಳ್ಳೆಯ ಫ್ಲಾಸ್ಕ್ ಇರಲಿ. ಕಾರು ನಿಂತರೆ ಬಿಸಿ ನೀರೇ ದೊಡ್ಡ ಧೈರ್ಯ.

ಕಾರು ಬುಕ್ ಆದಮೇಲೆ ಬರುವ ಮೇಲ್‌ನಲ್ಲಿ ಟೈರ್ ಮತ್ತು ಹೀಟರ್ ಕೇಬಲ್ ಬಗ್ಗೆ ಏನು ಬರೆದಿದ್ದಾರೆ, ಅಷ್ಟು ಭಾಗ ಇಲ್ಲಿ ಹಾಕಿ. ಫಿನ್ನಿಶ್‌ನಲ್ಲಿ ಇದ್ದರೂ ಪರವಾಗಿಲ್ಲ, ಓದಿ ಹೇಳುತ್ತೇನೆ.